ಮಲೆನಾಡಿನಲ್ಲಿ ಸಣ್ಣ ಗುಂಪಿನ ಪ್ರವಾಸ: ಯಾರ ಜೊತೆ, ಎಲ್ಲಿಗೆ, ಯಾವಾಗ

ಚಿಕ್ಕಮಗಳೂರು, ಹಾಸನದ ಕಡೆ ಕಾಡು ಬೆಟ್ಟ ತೋರಿಸುತ್ತೇವೆ ಎನ್ನುವವರಿಗೆ ಬರವಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಟಿಟಿಗಳಿವೆ (ಟೆಂಪೊ ಟ್ರಾವೆಲರ್), ಅರಣ್ಯ ಇಲಾಖೆಯ ಸಫಾರಿ ಇದೆ, ಜಂಗಲ್ ಲಾಡ್ಜಸ್ ಇದೆ, ಹೋಂಸ್ಟೇಯವರೇ ಕರೆದುಕೊಂಡು ಹೋಗುವ ತೋಟದ ನಡಿಗೆ ಇದೆ. ಎಲ್ಲರ ಪಟ್ಟಿಯಲ್ಲೂ ಅವೇ ಹೆಸರು: ಮುಳ್ಳಯ್ಯನಗಿರಿ, ಕುದುರೆಮುಖ, ಎತ್ತಿನ ಭುಜ, ಭದ್ರಾ, ಬಿಸ್ಲೆ. ಈಚೆಗೆ ಇದರ ಕೊನೆಗೆ ‘ಬುಡಕಟ್ಟು ಸಂಸ್ಕೃತಿ ದರ್ಶನ’ ಎಂದೊಂದು ಸಾಲೂ ಸೇರಿಕೊಂಡಿದೆ.

ಜಾಗದ ಪಟ್ಟಿ ನೋಡಿ ಆರಿಸಲು ಹೊರಟರೆ ಏನೂ ತಿಳಿಯುವುದಿಲ್ಲ. ಪ್ರವಾಸ ಚೆನ್ನಾಗಿ ಆಗುತ್ತದೋ ಇಲ್ಲವೋ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಒಬ್ಬ ಗೈಡ್‌ಗೆ ಎಷ್ಟು ಜನ, ಆ ಗೈಡ್ ಯಾವ ಊರಿನವನು. ಇವೆರಡನ್ನು ಮೊದಲು ಕೇಳಿ, ಜಾಗದ ಮಾತು ಆಮೇಲೆ.

ಎಷ್ಟು ಜನ

‘ಸಣ್ಣ ಗುಂಪು’ ಎಂದು ಬರೆದು ಇಪ್ಪತ್ತೈದು ಜನರನ್ನು ತುಂಬಿಕೊಂಡು ಬರುವವರಿದ್ದಾರೆ. ಬೆಟ್ಟ ಹತ್ತುವ ಪ್ರವಾಸಕ್ಕೆ ಆರರಿಂದ ಹನ್ನೆರಡು ಜನ ಸರಿಯಾದ ಅಳತೆ. ಹತ್ತು ದಾಟಿದರೆ ಇಬ್ಬರು ಗೈಡ್ ಬೇಕು: ಒಬ್ಬ ಮುಂದೆ, ಒಬ್ಬ ಕೊನೆಯಲ್ಲಿ. ಕುದುರೆಮುಖದಂಥ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಹತ್ತಿರದ ದಾರಿಯಲ್ಲಿ ಚುರುಕಾಗಿ ನಡೆಯುವವರಿಗೂ ನಿಧಾನಕ್ಕೆ ನಡೆಯುವವರಿಗೂ ಮಧ್ಯಾಹ್ನದ ಹೊತ್ತಿಗೆ ಒಂದು ಗಂಟೆಯ ಅಂತರ ಬೀಳುತ್ತದೆ. ಗೈಡ್ ಒಬ್ಬನೇ ಇದ್ದರೆ ಅವನು ಮುಂದಿನವರ ಜೊತೆ ಇರುತ್ತಾನೆ. ಹುಲ್ಲುಗಾವಲಿನ ಮೇಲೆ ಮಂಜು ಇಳಿದಾಗ ದನ, ಕಡವೆ ಓಡಾಡಿದ ಜಾಡೂ ಜನರ ಜಾಡೂ ಒಂದೇ ಥರ ಕಾಣುತ್ತವೆ. ಹಿಂದೆ ಬಿದ್ದ ಇಬ್ಬರು ದಾರಿ ತಪ್ಪುವುದು ಅಲ್ಲೇ. ಕಾಡಿನೊಳಗೆ ದಾರಿ ತಪ್ಪುವವರಿಗಿಂತ ಬಯಲು ಗುಡ್ಡದ ಮೇಲೆ ತಪ್ಪುವವರೇ ಹೆಚ್ಚು ಎಂದರೆ ಹೊಸಬರು ನಂಬುವುದಿಲ್ಲ.

ಖರ್ಚಿನ ಕಡೆಯಿಂದ ನೋಡಿದರೂ ಸಂಖ್ಯೆ ಮುಖ್ಯ. ಮಲೆನಾಡಿನ ಕೊನೆಯ ಐದಾರು ಕಿಲೋಮೀಟರ್ ಯಾವಾಗಲೂ ಜೀಪಿನದ್ದು. ಜೀಪಿನ ಬಾಡಿಗೆ ತಲೆಗಿಷ್ಟು ಎಂದಲ್ಲ, ಗಾಡಿಗಿಷ್ಟು. ಒಂದು ಜೀಪಿನಲ್ಲಿ ನೆಮ್ಮದಿಯಾಗಿ ಕೂರುವುದು ಆರು ಜನ. ಆದ್ದರಿಂದ ಆರು ಅಥವಾ ಹನ್ನೆರಡು ಜನರ ಗುಂಪು ಕಟ್ಟಿದರೆ ತಲೆಗೆ ಬೀಳುವ ಹಣ ಕಡಿಮೆ. ಏಳೆಂಟು ಜನರದ್ದೇ ದುಬಾರಿ, ಯಾಕೆಂದರೆ ಎರಡನೇ ಜೀಪು ಬಹುಪಾಲು ಖಾಲಿ ಹೋಗುತ್ತದೆ. ಇಲ್ಲವೇ ಎಂಟು ಜನರನ್ನೂ ಒಂದರಲ್ಲೇ ಒತ್ತುತ್ತಾರೆ, ಹಿಂದೆ ಇಬ್ಬರು ನಿಂತು ಬರುತ್ತಾರೆ. ಕೆಸರಿನ ಏರಿನಲ್ಲಿ ಅದು ಸಲ್ಲದು.

ಯಾರ ಜೊತೆ

ಬೆಂಗಳೂರಿನಿಂದ ಬರುವ ವಾರಾಂತ್ಯದ ಟ್ರೆಕ್ಕಿಂಗ್ ಗುಂಪುಗಳು ಅಗ್ಗ. ಒಬ್ಬರೇ ಇದ್ದರೂ ಸೇರಿಕೊಳ್ಳಬಹುದು, ಬಸ್ಸು ಊಟ ವಸತಿ ಎಲ್ಲ ಅವರದ್ದೇ. ಜೊತೆಗೆ ಬರುವ ‘ಟ್ರೆಕ್ ಲೀಡರ್’ ಹುಡುಗ ಉತ್ಸಾಹಿ, ಪ್ರಥಮ ಚಿಕಿತ್ಸೆ ಕಲಿತವನೂ ಇರಬಹುದು. ಆದರೆ ಅವನಿಗೆ ಹಳ್ಳ ಯಾವ ಮಳೆಗೆ ಎಷ್ಟು ಏರುತ್ತದೆ ಎಂಬುದು ಗೊತ್ತಿರುವುದಿಲ್ಲ. ರಾತ್ರಿಯಿಡೀ ಟಿಟಿಯಲ್ಲಿ ಕೂತು ಬೆಳಗ್ಗೆ ಐದಕ್ಕೆ ಇಳಿದು, ಏಳಕ್ಕೆ ಹತ್ತಲು ಶುರು ಮಾಡುವುದು ಇವರ ಕ್ರಮ. ನಿದ್ದೆಗೆಟ್ಟ ಕಾಲುಗಳು ಇಳಿಯುವಾಗ ಎಡವುತ್ತವೆ. ಪೆಟ್ಟು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ, ಅದೂ ಮಧ್ಯಾಹ್ನ ಎರಡರ ಮೇಲೆ. ಈ ಗುಂಪಿನ ಜೊತೆ ಹೋಗುವುದೇ ಆದರೆ ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಅನುಕೂಲವಿದೆ: ರಾತ್ರಿ ಪಯಣ ತಪ್ಪಿಸಿ, ಬೆಳಗ್ಗೆ ನೇರವಾಗಿ ಬೆಟ್ಟದ ಬುಡದಲ್ಲಿ ಸೇರಿಕೊಳ್ಳುತ್ತೇವೆ ಎನ್ನಬಹುದು. ಬಸ್ಸಿನ ಭಾಗ ಕಳೆದು ಹಣ ತೆಗೆದುಕೊಳ್ಳಿ ಎಂದು ಕೇಳಿ. ಎಷ್ಟೋ ಜನ ಒಪ್ಪುತ್ತಾರೆ.

ಸರ್ಕಾರದ ಜಂಗಲ್ ಲಾಡ್ಜಸ್‌ನದ್ದು ಇನ್ನೊಂದು ತುದಿ. ಭದ್ರಾ ಹಿನ್ನೀರಿನ ಲಕ್ಕವಳ್ಳಿಯಲ್ಲಿರುವ ರಿವರ್ ಟರ್ನ್ ಲಾಡ್ಜ್‌ನಲ್ಲಿ ವಸತಿ, ಊಟ, ಜೀಪ್ ಸಫಾರಿ, ದೋಣಿ ಸಫಾರಿ ಎಲ್ಲ ಒಂದೇ ಹಣದಲ್ಲಿ. ಕಾಡಿನ ವಿವರ ಹೇಳಲು ಕಲಿತ ನ್ಯಾಚುರಲಿಸ್ಟ್ ಜೊತೆಗಿರುತ್ತಾರೆ. ದುಬಾರಿ ಹೌದು, ವಯಸ್ಸಾದವರು ಮಕ್ಕಳು ಇದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ನಡಿಗೆ ಕಡಿಮೆ, ಊರಿನವರ ಒಡನಾಟ ಇನ್ನೂ ಕಡಿಮೆ.

ನೇರವಾಗಿ ಅರಣ್ಯ ಇಲಾಖೆಯ ಮೂಲಕ ಹೋಗುವುದು ಮೂರನೆಯದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಈಗ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು ಟಿಕೆಟ್ ತೆಗೆಯಬೇಕು. ಶನಿವಾರ, ಭಾನುವಾರದ್ದು ಬೇಗ ಮುಗಿಯುತ್ತದೆ. ಮಂಗಳವಾರ, ಬುಧವಾರ ಸಲೀಸು. ಇಲ್ಲಿ ಕೆಡುವುದು ಸಣ್ಣ ವಿಷಯಕ್ಕೆ. ಕೊನೆ ಗಳಿಗೆಯಲ್ಲಿ ಒಬ್ಬರು ಕೈಕೊಟ್ಟು ಅವರ ಬದಲು ಇನ್ನೊಬ್ಬರು ಬಂದರೆ ಹೆಸರು ಹೊಂದುವುದಿಲ್ಲ, ಗೇಟಿನಲ್ಲಿ ನಿಲ್ಲಿಸುತ್ತಾರೆ. ಅಸಲಿ ಗುರುತಿನ ಚೀಟಿ ಬಿಟ್ಟು ಬಂದವರದ್ದೂ ಅದೇ ಪಾಡು. ಮಧ್ಯವರ್ತಿಯ ಮೂಲಕ ಹೋಗುವವರು ‘ಪರ್ಮಿಟ್ ನಾವು ನೋಡಿಕೊಳ್ತೀವಿ’ ಎಂಬ ಮಾತಿಗೆ ಒಪ್ಪಬಾರದು. ನಿಮ್ಮ ಹೆಸರಿನ ಟಿಕೆಟ್ ಹೊರಡುವ ಮೊದಲೇ ನಿಮ್ಮ ಫೋನಿಗೆ ಬಂದಿರಬೇಕು.

ನಾಲ್ಕನೆಯದು ಹೋಂಸ್ಟೇ ಮತ್ತು ಆ ಊರಿನ ಗೈಡ್. ನಮ್ಮ ಒಲವು ಇದರ ಕಡೆಗೇ. ಸಂಸೆ, ಕಳಸ, ಮೂಡಿಗೆರೆ, ಸಕಲೇಶಪುರದ ಕಡೆ ಮನೆಯವರೇ ಜೀಪು ಗೊತ್ತು ಮಾಡಿ, ಪಕ್ಕದ ಮನೆಯ ಹುಡುಗನನ್ನು ಗೈಡ್ ಆಗಿ ಕಳಿಸುತ್ತಾರೆ. ಅವನಿಗೆ ಹಕ್ಕಿಗಳ ಇಂಗ್ಲಿಷ್ ಹೆಸರು ಬಾರದಿರಬಹುದು. ನಿನ್ನೆ ರಾತ್ರಿ ಆನೆ ಯಾವ ತೋಟದಲ್ಲಿತ್ತು, ಯಾವ ಹಳ್ಳ ದಾಟಬಾರದು, ಯಾರ ಗದ್ದೆಯ ಬದುವಿನ ಮೇಲೆ ಹೋಗಬಹುದು ಎಂಬುದು ಅವನಿಗೆ ಗೊತ್ತು. ಹಣವೂ ಊರಲ್ಲೇ ಉಳಿಯುತ್ತದೆ. ಇದರಲ್ಲಿ ಎಡವಟ್ಟಿಲ್ಲ ಎಂದಲ್ಲ: ನೋಂದಣಿಯಾಗದ ಹೋಂಸ್ಟೇಗಳು ಬೇಕಾದಷ್ಟಿವೆ, ಬುಕಿಂಗ್ ರಶೀದಿ ಕೊಡುವುದಿಲ್ಲ, ಒಂದೇ ದಿನಕ್ಕೆ ಎರಡು ಗುಂಪಿಗೆ ಹ್ಞೂಂ ಎಂದಿರುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳುವುದು ಅವಮಾನವೇನೂ ಅಲ್ಲ. ರಾತ್ರಿ ಫೈರ್ ಕ್ಯಾಂಪು, ಸ್ಪೀಕರು ಇದೆ ಎಂದು ಹೆಮ್ಮೆಯಿಂದ ಹೇಳುವ ಮನೆಗೆ ಕಾಡು ನೋಡಲು ಹೋಗುವವರು ಹೋಗಬೇಕಿಲ್ಲ.

ನಾವೇ ಹನ್ನೆರಡು ಜನ ಸೇರಿ ಟಿಟಿ ಮಾಡಿಕೊಂಡು ಹೋಗುತ್ತೇವೆ ಎನ್ನುವವರಿಗೆ ಒಂದೇ ಮಾತು: ಹಳದಿ ಬೋರ್ಡ್ ಗಾಡಿ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಕರೆದೊಯ್ದು ಘಾಟಿಯಲ್ಲಿ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ.

ಎಲ್ಲಿಗೆ

ಕುದುರೆಮುಖವನ್ನು ಮೊದಲು ಇಡೋಣ, ಯಾಕೆಂದರೆ ಎಲ್ಲರಿಗೂ ಬೇಕಾದದ್ದು ಅದೇ, ತಯಾರಿಲ್ಲದೆ ಹೋಗುವುದೂ ಅದಕ್ಕೇ. ಶಿಖರದ ಎತ್ತರ ಸುಮಾರು 1,890 ಮೀಟರ್. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಆದರೆ ಮುಳ್ಳಯ್ಯನಗಿರಿಯ ಹತ್ತಿರಕ್ಕೆ ಕಾರು ಹೋಗುತ್ತದೆ, ಉಳಿಯುವುದು ಮೆಟ್ಟಿಲು ಮಾತ್ರ. ಕುದುರೆಮುಖದಲ್ಲಿ ಮುಳ್ಳೋಡಿಯಿಂದ ಒಂದು ಕಡೆಗೇ ಒಂಬತ್ತು ಹತ್ತು ಕಿಲೋಮೀಟರ್ ನಡೆಯಬೇಕು. ಸಂಸೆ ಕಡೆಯಿಂದ ಮುಳ್ಳೋಡಿಗೆ ಜೀಪು. ಹತ್ತಲು ನಾಲ್ಕರಿಂದ ಐದು ಗಂಟೆ, ಇಳಿಯಲು ಮೂರೂವರೆಯಿಂದ ನಾಲ್ಕು. ಮೇಲೆ ತಂಗುವಂತಿಲ್ಲ, ಕತ್ತಲಾಗುವ ಮೊದಲು ಕೆಳಗಿರಬೇಕು. ಈ ಲೆಕ್ಕವನ್ನು ಹಿಂದಿನಿಂದ ಹಾಕಿದರೆ ಬೆಳಗ್ಗೆ ಏಳರೊಳಗೆ ಹೆಜ್ಜೆ ಶುರುವಾಗಬೇಕು. ಒಂಬತ್ತಕ್ಕೆ ಹೊರಡಿಸುವ ಆಯೋಜಕರ ಜೊತೆ ಹೋದವರು ತುದಿ ಮುಟ್ಟದೆ, ದಾರಿಯಲ್ಲಿ ಸಿಗುವ ಒಂಟಿ ಮರದ ಆಚೆ ಎಲ್ಲೋ ಹಿಂತಿರುಗುತ್ತಾರೆ, ಇಲ್ಲವೇ ಇಳಿಯುವಾಗ ಮೊಬೈಲ್ ಬೆಳಕಿನಲ್ಲಿ ಹಳ್ಳ ದಾಟುತ್ತಾರೆ.

ಇಷ್ಟು ಕಷ್ಟಪಟ್ಟು ನೋಡುವುದಾದರೂ ಏನು? ಶೋಲಾ ಕಾಡು ಮತ್ತು ಹುಲ್ಲುಗಾವಲು. ಗುಡ್ಡದ ನೆತ್ತಿ, ಮೈ ಎಲ್ಲ ಹುಲ್ಲು. ನೀರಿಳಿಯುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದು ಈ ಜೋಡಿಯೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಸಾಲಿನಲ್ಲಿ ಹುಟ್ಟುತ್ತವೆ. ಇದೇ ಗುಡ್ಡಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗೈಡ್ ಈ ಕಥೆ ಹೇಳಬಲ್ಲನೇ ಎಂದು ನೋಡಿ. ಹೇಳಬಲ್ಲವನ ಜೊತೆ ನಡೆದರೆ ಹುಲ್ಲು ಬರೀ ಫೋಟೊದ ಹಿನ್ನೆಲೆಯಾಗಿ ಉಳಿಯುವುದಿಲ್ಲ.

ಎಂಟು ಗಂಟೆ ನಡೆಯುವ ರೂಢಿ ಇಲ್ಲದವರಿಗೆ ಎತ್ತಿನ ಭುಜ ಸಾಕು. ಮೂಡಿಗೆರೆ ತಾಲ್ಲೂಕಿನ ಬೈರಾಪುರದ ದೇವಸ್ಥಾನದ ಹತ್ತಿರದಿಂದ ಮೂರು ನಾಲ್ಕು ಕಿಲೋಮೀಟರ್, ಕೊನೆಯಲ್ಲಿ ಬಂಡೆಯ ಏರು. ಹತ್ತು ವರ್ಷದ ಮಕ್ಕಳು ಹತ್ತುತ್ತಾರೆ. ಒದ್ದೆ ಬಂಡೆಯ ಮೇಲೆ ಮಾತ್ರ ದೊಡ್ಡವರಿಗೂ ಭಯವೇ: ಮಳೆ ಬರುತ್ತಿದ್ದರೆ ಕೊನೆಯ ಏರನ್ನು ಬಿಟ್ಟುಬಿಡಿ. ಶಿಶಿಲದ ಕಡೆಯಿಂದ ಹತ್ತುವ ದಾರಿ ಬೇರೆಯೇ ಮಾತು, ಅದು ಘಟ್ಟದ ಪೂರ್ತಿ ಎತ್ತರ ಹತ್ತುವುದು. ಗೈಡ್ ಇಲ್ಲದೆ ಬೇಡ.

ಸಕಲೇಶಪುರದ ಜೇನುಕಲ್ಲು ಗುಡ್ಡವೂ ಇದೇ ಅಳತೆಯದು. ಇದನ್ನು ‘ಕರ್ನಾಟಕದ ಎರಡನೇ ಅತಿ ಎತ್ತರದ ಶಿಖರ’ ಎಂದು ಜಾಹೀರಾತಿನಲ್ಲಿ ಹಾಕುವವರಿದ್ದಾರೆ. ಅದು ಹಾಗಲ್ಲ, ಕುದುರೆಮುಖವೇ ಅದಕ್ಕಿಂತ ಎಷ್ಟೋ ಎತ್ತರ. ಇಷ್ಟು ಸುಲಭವಾಗಿ ತಿಳಿಯುವ ವಿಷಯವನ್ನೇ ತಪ್ಪು ಬರೆದವರು ಉಳಿದದ್ದನ್ನು ಹೇಗೆ ನೋಡಿಕೊಂಡಿರುತ್ತಾರೆ ಎಂದು ಯೋಚಿಸಿ. ಇನ್ನೂ ಕೆಟ್ಟ ಗುರುತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ನಡೆಸುತ್ತೇವೆ ಎನ್ನುವವರು. ದೋಣಿಗಲ್‌ನಿಂದ ಎಡಕುಮೇರಿಗೆ ಹಳಿಯ ಮೇಲೆ ನಡೆಯುವುದು ಒಂದು ಕಾಲಕ್ಕೆ ಹೆಸರಾಗಿತ್ತು. ಅದು ರೈಲ್ವೆ ಕಾಯ್ದೆಯಡಿ ಅತಿಕ್ರಮ ಪ್ರವೇಶ, ದಂಡವೂ ಸಜೆಯೂ ಇದೆ. ಸುರಂಗದೊಳಗೆ ಗೂಡ್ಸ್ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆ ಕಣಿವೆ ನೋಡಬೇಕೆಂದರೆ ಹಗಲಿನ ರೈಲಿಗೆ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂತರಾಯಿತು.

ಕಾಡುಪ್ರಾಣಿ ನೋಡಬೇಕೆನ್ನುವವರಿಗೆ ಭದ್ರಾ. ಒಂದೇ ಹುಲಿ ಮೀಸಲಿಗೆ ಎರಡು ಬಾಗಿಲು: ಚಿಕ್ಕಮಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಮುತ್ತೋಡಿ, ತರೀಕೆರೆಯಿಂದ ಸುಮಾರು 20 ಕಿಲೋಮೀಟರ್ ದೂರದ ಲಕ್ಕವಳ್ಳಿ. ಮುತ್ತೋಡಿಯದು ಬೆಟ್ಟಗಳ ನಡುವಿನ ಕಣಿವೆ, ಎತ್ತರದ ಮರ, ಬಿದಿರು, ಕಾಫಿ ತೋಟಕ್ಕೆ ತಾಗಿದ ಕಾಡು. ಕಾಟಿ, ಕೆಂದಳಿಲು ಚೆನ್ನಾಗಿ ಕಾಣುತ್ತವೆ. ಹುಲಿಯ ಆಸೆ ಇಟ್ಟುಕೊಳ್ಳಬೇಡಿ, ಕಾಡು ಅಷ್ಟು ದಟ್ಟ. ಲಕ್ಕವಳ್ಳಿಯಲ್ಲಿ ಹಿನ್ನೀರು ಇರುವುದರಿಂದ ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆಯಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಆನೆ, ಜಿಂಕೆ, ಕಾಟಿ ಬಯಲಿಗೆ ಬರುತ್ತವೆ. ಅದೇ ಹೊತ್ತಿಗೆ ನೀರಿನಿಂದ ಮೇಲೆದ್ದ ನಡುಗಡ್ಡೆಗಳಲ್ಲಿ ಸಾವಿರಾರು ರೀವ (ರಿವರ್ ಟರ್ನ್) ಹಕ್ಕಿಗಳು ಮೊಟ್ಟೆಯಿಡುತ್ತವೆ. ಲಾಡ್ಜ್‌ಗೆ ಹೆಸರು ಬಂದದ್ದು ಇವುಗಳಿಂದ. ಹಾಗಾಗಿ ಫೆಬ್ರವರಿಯಿಂದ ಮೇವರೆಗೆ ಲಕ್ಕವಳ್ಳಿ, ಮಳೆ ನಿಂತ ಹೊಸತರಲ್ಲಿ ಮುತ್ತೋಡಿ ಎಂದು ಹಂಚಿಕೊಳ್ಳಬಹುದು. ದೋಣಿಯವನು ಫೋಟೊಗಾಗಿ ನಡುಗಡ್ಡೆಗೆ ತೀರಾ ಹತ್ತಿರ ಒಯ್ದರೆ ಬೇಡ ಎನ್ನಿ. ತಾಯಿ ಹಕ್ಕಿ ಎದ್ದು ಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ.

ಭದ್ರಾದೊಳಗೆ ಊರುಗಳೇಕೆ ಕಾಣುವುದಿಲ್ಲ ಎಂದು ಕೇಳುವವರು ಕಡಿಮೆ. ಅಲ್ಲಿ ಊರುಗಳಿದ್ದವು. 2001–02ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಸ್ಥಳಾಂತರಿಸಿದರು. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿಗಳಲ್ಲಿ ಒಂದು ಎಂದು ಇದನ್ನು ಹೆಸರಿಸುತ್ತಾರೆ.

ಬಿಸ್ಲೆಗೆ ಹೋಗುವವರು ಕಡಿಮೆ, ಹೋಗಬೇಕಾದವರು ಹೆಚ್ಚು. ಸಕಲೇಶಪುರದಿಂದ ಸುಮಾರು 50 ಕಿಲೋಮೀಟರ್. ವೀಕ್ಷಣಾ ತಾಣದಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಸಾಲು, ಕೆಳಗೆ ಕಣ್ಣು ಹಾಯುವಷ್ಟೂ ನಿತ್ಯಹರಿದ್ವರ್ಣ ಕಾಡು. ಹೋಗುವ ದಾರಿಯ ಮಂಕನಹಳ್ಳಿಯಲ್ಲಿ ಒಂದು ಕಲ್ಲಿದೆ: ಅದರ ಈಚೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ; ಆಚೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಐದು ನಿಮಿಷ ನಿಲ್ಲುವ ಜಾಗ, ಆದರೆ ಮಕ್ಕಳಿಗೆ ಭೂಗೋಳದ ಒಂದು ಪಾಠ ಅಲ್ಲೇ ಮುಗಿಯುತ್ತದೆ. ಬಿಸ್ಲೆಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ಊಟ ಕಟ್ಟಿಕೊಂಡೇ ಹೋಗಿ.

ಮುಳ್ಳಯ್ಯನಗಿರಿ, ಬಾಬಾಬುಡನಗಿರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರಿಂದ ಗಿರಿಗೆ ಹೋಗುವ ವಾಹನಗಳಿಗೂ ಆನ್‌ಲೈನ್ ಬುಕಿಂಗ್, ಬೆಳಗ್ಗೆ ಮಧ್ಯಾಹ್ನ ಎರಡು ಪಾಳಿ. ವಾರದ ದಿನ, ಬೆಳಗಿನ ಪಾಳಿ, ಸಣ್ಣ ಗಾಡಿ. 2022ರಲ್ಲಿ ನೀಲಕುರಿಂಜಿ ಅರಳಿ ಗುಡ್ಡವೆಲ್ಲ ನೀಲಿಯಾದಾಗ ನೋಡಿದವರು ಪುಣ್ಯವಂತರು. ಪ್ರತಿ ವರ್ಷ ‘ನೀಲಕುರಿಂಜಿ ಟೂರ್’ ಮಾರುವವರ ಮಾತಿಗೆ ಮಾತ್ರ ಮರುಳಾಗಬೇಡಿ. ಗುರ್ಗಿಯ (ಕುರಿಂಜಿ ಗಿಡದ) ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ವರ್ಷಗಳ ಸುತ್ತು. ಗುಡ್ಡ ತುಂಬ ಅರಳುವುದು ಹನ್ನೆರಡು ವರ್ಷಕ್ಕೊಮ್ಮೆ.

‘ಬುಡಕಟ್ಟು ದರ್ಶನ’ ಎಂಬ ಸಾಲು

ಎಚ್ಚರ ಹೆಚ್ಚು ಬೇಕಾದದ್ದು ಇಲ್ಲಿ. ಹುಲಿಯನ್ನು ನೋಡುವ ಹಾಗೆ ಜನರನ್ನು ನೋಡಲು ಹೋಗುವ ಪ್ರವಾಸ ಯಾರಿಗೂ ಬೇಡ. ಪಟ್ಟಿಯಲ್ಲಿ ಆ ಸಾಲು ಕಂಡರೆ ಒಂದೇ ಪ್ರಶ್ನೆ ಕೇಳಿ: ‘ಅಲ್ಲಿ ನಮ್ಮನ್ನು ಕರೆದವರು ಯಾರು?’ ಒಬ್ಬರ ಹೆಸರು, ಒಂದು ಮನೆ, ಒಂದು ಸ್ವಸಹಾಯ ಸಂಘ, ಒಂದು ಸೊಸೈಟಿ ಹೀಗೆ ಏನಾದರೂ ಉತ್ತರ ಬರಬೇಕು. ‘ದಾರಿಯಲ್ಲಿ ಹಾಡಿ ಸಿಗುತ್ತೆ, ಇಳಿದು ನೋಡಬಹುದು’ ಎಂದರೆ ಆ ಸಾಲನ್ನು ತೆಗೆಸಿ, ಇಲ್ಲವೇ ಆ ಆಯೋಜಕರನ್ನೇ ಬಿಡಿ.

ನಮ್ಮ ಎರಡು ಜಿಲ್ಲೆಯಲ್ಲಿ ಇರುವವರು ಒಂದೇ ಥರದವರಲ್ಲ. ಕುದುರೆಮುಖದ ಸುತ್ತ ಮಲೆಕುಡಿಯರಿದ್ದಾರೆ. ಮನೆಮಾತು ತುಳುವಿಗೆ ಹತ್ತಿರ, ಘಟ್ಟದ ಕೆಳಗೂ ಅವರ ನೆಂಟರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಗೌಡಲು, ಹಸಲರು. ಇವರಲ್ಲಿ ಬಹಳಷ್ಟು ಜನ ಇವತ್ತು ತೋಟದ ಕೆಲಸ, ಸ್ವಂತ ಅಡಿಕೆ, ಕಿರು ಅರಣ್ಯ ಉತ್ಪನ್ನ ಹೀಗೆ ಹಲವು ಬಗೆಯಲ್ಲಿ ಬದುಕುತ್ತಾರೆ. ರಾಷ್ಟ್ರೀಯ ಉದ್ಯಾನದ ಒಳಗಿನ ಮನೆಗಳಿಗೆ ರಸ್ತೆ, ವಿದ್ಯುತ್, ಒಕ್ಕಲೆಬ್ಬಿಸುವ ಭಯ ದಿನನಿತ್ಯದ ಮಾತು. ಅಲ್ಲಿ ಹೋಗಿ ‘ಡಾನ್ಸ್ ತೋರಿಸ್ತೀರಾ’ ಎಂದು ಕೇಳುವುದು ಅಸಹ್ಯ. ಆ ಊರಿನವರೇ ಗೈಡ್ ಆಗಿ ಬಂದಾಗ ದಾರಿಯಲ್ಲಿ ಗಿಡ, ಜೇನು, ಕಳಲೆ, ಅಣಬೆ ವಿಷಯ ಕೇಳಿ: ಎಂಟು ಗಂಟೆ ಜೊತೆಗೆ ನಡೆಯುವಾಗ ಬರುವ ಮಾತು ಯಾವ ‘ದರ್ಶನ’ದಲ್ಲೂ ಸಿಗುವುದಿಲ್ಲ.

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳ ಕಥೆ ಬೇರೆಯೇ. ಮನೆಯಲ್ಲಿ ಆಡುವುದು ವಾಗ್ರಿ, ಗುಜರಾತಿಯ ಕಡೆಯ ನುಡಿ. ಹೊರಗೆ ಸೊಗಸಾದ ಕನ್ನಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕಸುಬು ಹೋಯಿತು; ಮಣಿಸರ, ಗಿಡಮೂಲಿಕೆ ಎಣ್ಣೆ ಮಾರುತ್ತ ಆಫ್ರಿಕಾದ ದೇಶಗಳವರೆಗೆ ಹೋದರು. 2023ರಲ್ಲಿ ಸುಡಾನಿನಲ್ಲಿ ಸಂಘರ್ಷ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳು ಇದ್ದದ್ದು ಸುದ್ದಿಯಾಯಿತು. ‘ಕಾಡಿನ ಜನ’ರನ್ನು ನೋಡಲು ಬಂದ ಪ್ರವಾಸಿಗಿಂತ ಅವರು ಹೆಚ್ಚು ದೇಶ ತಿರುಗಿದವರು. ಅಲ್ಲಿಗೆ ಹೋಗುವುದಿದ್ದರೆ ಗಿರಾಕಿಯಾಗಿ ಹೋಗಿ: ಮೊದಲೇ ಫೋನ್ ಮಾಡಿಸಿ, ಆರು ಜನಕ್ಕಿಂತ ಹೆಚ್ಚು ಬೇಡ, ಕೊಂಡದ್ದಕ್ಕೆ ಚೌಕಾಸಿ ಇಲ್ಲದೆ ಹಣ ಕೊಡಿ. ತಲೆಗೆ ಹಚ್ಚುವ ಎಣ್ಣೆಯನ್ನು ಎಣ್ಣೆಯೆಂದೇ ಕೊಳ್ಳಿ, ಕಾಯಿಲೆಗೆ ಮದ್ದು ಎಂದಲ್ಲ. ಬೇಟೆಯ ಬಲೆ ತೋರಿಸಿ ಎಂದು ಕೇಳಬೇಡಿ. ಕಾಯ್ದೆ ಅವರ ಮೇಲೆ ಬೀಳುತ್ತದೆ, ನಿಮ್ಮ ಮೇಲಲ್ಲ.

ಆದಿವಾಸಿಗಳ ಕಾಡಿನ ತಿಳಿವಳಿಕೆಯೇ ಪ್ರವಾಸದ ಮುಖ್ಯ ಉದ್ದೇಶ ಎಂದಾದರೆ ಎರಡು ರಾತ್ರಿ ಇಟ್ಟುಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವುದು ಮೇಲು. ಹಾಸನದಿಂದ ಮೈಸೂರು ದಾಟಿ ಸುಮಾರು 200 ಕಿಲೋಮೀಟರ್, ಹೋಗಲು ಅರ್ಧ ದಿನ ಹಿಡಿಯಿರಿ. ಅಲ್ಲಿನ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಮೀಸಲಿನೊಳಗೆ. ದೊಡ್ಡ ಸಂಪಿಗೆ ಮರ, ಜೇನು ಇಳಿಸುವ ಕ್ರಮ, ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದ ಹಳೆಯ ಪದ್ಧತಿ ನಿಂತ ಮೇಲೆ ಲಂಟಾನ ಕಳೆ ಹಬ್ಬಿದ ಬಗೆ, ಇವನ್ನು ಸೋಲಿಗ ಗೈಡ್ ಹೇಳಿದರೆ ಕೇಳಬೇಕು. ಇವರು ತಮ್ಮ ಕಾಡಿನ ಬಗ್ಗೆ ಹಕ್ಕಿನಿಂದ ಮಾತಾಡುವ ಜನ. ಆ ವ್ಯತ್ಯಾಸ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಫೋಟೊ ವಿಷಯ: ಕೇಳಿ ತೆಗೆಯಿರಿ, ಮಕ್ಕಳದ್ದು ತೆಗೆಯಬೇಡಿ, ಬಿಸ್ಕತ್ತು ಚಾಕಲೇಟು ಹಂಚಬೇಡಿ. ಕೊಡಬೇಕೆನಿಸಿದರೆ ಗೈಡಿನ ಕೂಲಿಯನ್ನು ಅವನ ಕೈಗೇ, ಪೂರ್ತಿಯಾಗಿ ಕೊಡಿ.

ಯಾವಾಗ, ಏನು ಕೆಡುತ್ತದೆ

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಹಸಿರು ಆಗಲೇ, ತೊಂದರೆಯೂ ಆಗಲೇ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಜರಿದರೆ ಸುತ್ತು ದಾರಿ. 2024ರ ಜುಲೈನಲ್ಲಿ ದೋಣಿಗಲ್ ಹತ್ತಿರ ಗುಡ್ಡ ಜರಿದದ್ದು ಎಲ್ಲರಿಗೂ ನೆನಪಿದೆ. ಬೆಳಗ್ಗೆ ಮೊಣಕಾಲಷ್ಟಿದ್ದ ಹಳ್ಳ ಮಧ್ಯಾಹ್ನಕ್ಕೆ ಸೊಂಟ ಮುಟ್ಟುತ್ತದೆ, ಮೇಲೆ ಎಲ್ಲೋ ಸುರಿದ ಮಳೆ ಒಂದೆರಡು ಗಂಟೆ ಬಿಟ್ಟು ಕೆಳಗೆ ಬರುವುದರಿಂದ. ಊರಿನ ಗೈಡ್ ‘ಇವತ್ತು ಬೇಡ’ ಎಂದರೆ ವಾದ ಮಾಡದೆ ಮನೆಗೆ ಬಂದು ಕಡುಬು ತಿನ್ನಿ. ಇಂಬಳಕ್ಕೆ (ಜಿಗಣೆಗೆ) ಹೆದರುವ ಅಗತ್ಯವಿಲ್ಲ, ಅದು ರೋಗ ತರುವ ಹುಳವಲ್ಲ. ಒತ್ತಾದ ನೇಯ್ಗೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್ ಹಾಕಿ, ಹೊಗೆಸೊಪ್ಪು ನೆನೆಸಿದ ಕೊಬ್ಬರಿ ಎಣ್ಣೆ ಹಚ್ಚಿ. ಉಪ್ಪು ಮಳೆಯಲ್ಲಿ ತೊಳೆದು ಹೋಗುತ್ತದೆ, ಎಣ್ಣೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಚ್ಚಿದ ಜಾಗದಿಂದ ರಕ್ತ ಬೇಗ ನಿಲ್ಲದಿದ್ದರೆ ಗಾಬರಿ ಬೇಡ. ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿದೆ. ಸೋಪಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿದರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಗಾಲದ ಚಾರಣ ಬಿಡುವುದು ಒಳ್ಳೆಯದು.

ಅಕ್ಟೋಬರ್‌ನಿಂದ ಜನವರಿ ನಡೆಯಲು ಒಳ್ಳೆಯ ಕಾಲ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಇಲಾಖೆ ಹಲವು ಚಾರಣಗಳನ್ನು ಮಳೆ ಬರುವವರೆಗೆ ಮುಚ್ಚುತ್ತದೆ. ಮಾರ್ಚ್, ಏಪ್ರಿಲ್‌ಗೆ ಕುದುರೆಮುಖ ಎಂದು ಮುಂಗಡ ಕೇಳುವವರಿಗೆ ‘ಮುಚ್ಚಿದರೆ ಹಣ ವಾಪಸ್ಸೋ, ಬೇರೆ ದಿನವೋ’ ಎಂದು ಬರೆಸಿಕೊಳ್ಳಿ. ಆ ತಿಂಗಳುಗಳಿಗೆ ಲಕ್ಕವಳ್ಳಿಯೇ ಸರಿ.

ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಆನೆಯನ್ನು ಮರೆಯಬಾರದು. ಹಗಲು ತೋಟದ ನೆರಳಲ್ಲಿ ನಿಂತು ಸಂಜೆ ಹೊರಡುವ ಆನೆಗಳಿವು; ಕಾಫಿ ಗಿಡದ ಮರೆಯಲ್ಲಿ ಇಪ್ಪತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಹಲಸು ಹಣ್ಣಾಗುವ ಕಾಲ, ಭತ್ತ ತೆನೆಯಾಗುವ ಕಾಲ ಇನ್ನೂ ಹುಷಾರು. ‘ಬೆಳಗ್ಗೆ ಐದೂವರೆಗೆ ಎಸ್ಟೇಟ್ ವಾಕ್’ ಎಂದು ಹೇಳುವ ಮನೆಯವರನ್ನು, ಆನೆ ಎಲ್ಲಿದೆ ಎಂಬ ಸಂದೇಶ ನಿಮಗೆ ಬರುತ್ತದಾ ಎಂದು ಕೇಳಿ. ಅರಣ್ಯ ಇಲಾಖೆ ಆನೆಗಳ ಓಡಾಟದ ಮಾಹಿತಿಯನ್ನು ಊರವರ ಫೋನಿಗೆ ಕಳಿಸುತ್ತದೆ. ಜವಾಬ್ದಾರಿ ಇರುವವರು ಅದನ್ನು ನೋಡದೆ ಯಾರನ್ನೂ ಹೊರಗೆ ಕರೆದೊಯ್ಯುವುದಿಲ್ಲ. ಒಂಟಿ ಸಲಗ ಇದೆ ಎಂದರೆ ಆ ದಿನ ನಡಿಗೆ ಇಲ್ಲ, ಅಷ್ಟೇ.

ಫೋನಿನಲ್ಲಿ ಕೇಳಬೇಕಾದ್ದು ಹೆಚ್ಚೇನಿಲ್ಲ. ಗೈಡಿನ ಊರು ಯಾವುದು. ಒಟ್ಟು ಎಷ್ಟು ಜನ, ಗೈಡ್ ಎಷ್ಟು ಜನ. ಎಷ್ಟು ಹೊತ್ತಿಗೆ ಹತ್ತಲು ಶುರು, ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂತಿರುಗುವುದು. ಅರಣ್ಯ ಶುಲ್ಕ, ಜೀಪು, ಗೈಡ್ ಒಳಗೆ ಸೇರಿದೆಯೋ ಹೊರಗೋ. ಕಾಲು ಉಳುಕಿದರೆ ಕೆಳಗಿಳಿಸುವವರು ಯಾರು, ಹತ್ತಿರದ ಆಸ್ಪತ್ರೆ ಯಾವುದು. ಸಕಲೇಶಪುರದ ಕಡೆ ಕ್ರಾಫರ್ಡ್ ಆಸ್ಪತ್ರೆ, ಆಚೆ ಹಾಸನ. ಕಳಸದ ಕಡೆಯಿಂದ ಚಿಕ್ಕಮಗಳೂರು ಸುಮಾರು 90 ಕಿಲೋಮೀಟರ್, ಘಾಟಿ ರಸ್ತೆಯಲ್ಲಿ ಎರಡೂವರೆ ಗಂಟೆ. ಹಿಂತಿರುಗುವ ಹೊತ್ತು ಕೇಳಿದಾಗ ‘ನೋಡೋಣ’ ಎನ್ನುವವರು ಸಂಜೆ ಏಳಕ್ಕೂ ನೋಡುತ್ತಲೇ ಇರುತ್ತಾರೆ.

ಒಂದು ಮಾತು ಪ್ರವಾಸ ಮುಗಿದ ಮೇಲಿನದು. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿನಲ್ಲಿ ಉಣುಗಿನಿಂದ ಮಂಗನ ಕಾಯಿಲೆ ಹರಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪ್ರಕರಣಗಳು ಬರುತ್ತವೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ, ತುಂಬು ತೋಳು, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಮರಳಿದ ಮೂರರಿಂದ ಎಂಟು ದಿನದೊಳಗೆ ಚಳಿಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ದೂಡದೆ ಡಾಕ್ಟರ ಬಳಿ ಹೋಗಿ, ಇಂಥ ಕಾಡಿಗೆ ಇಂಥ ದಿನ ಹೋಗಿದ್ದೆ ಎಂದು ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರು ತಾವಾಗಿ ಅದನ್ನು ಕೇಳುವುದಿಲ್ಲ.